ಆಟೊಪೈಲಟ್ ಮೇಲೆ ಸುಮಂಗಲಾ ಅವರ ಗುಮಾನಿ

ಬೆಳಗಿನ ಐದೂಮುಕ್ಕಾಲು. ಕಲಬುರಗಿ ಊರಾಚೆಯ ವಿಮಾನ ತರಬೇತಿ ಶಾಲೆಯ ಅಂಗಳದಲ್ಲಿ ಸುಮಂಗಲಾ ಸಣ್ಣ ವಿಮಾನವೊಂದರ ರೆಕ್ಕೆಯ ಕೆಳಗೆ ಬಗ್ಗಿ ನಿಂತಿದ್ದಾರೆ. ರೆಕ್ಕೆಯ ತಳದಿಂದ ಒಂದಿಷ್ಟು ಇಂಧನವನ್ನು ಗಾಜಿನ ಕೊಳವೆಗೆ ಇಳಿಸಿ, ಬೆಳಕಿಗೆ ಹಿಡಿದು, ನೀರು ಸೇರಿದೆಯೇ ಎಂದು ನೋಡುತ್ತಾರೆ. ಆಮೇಲೆ ಮೂಸುತ್ತಾರೆ. ಇದೇ ಪರೀಕ್ಷೆಯನ್ನು ಹತ್ತು ನಿಮಿಷದ ಹಿಂದಷ್ಟೇ ಮೆಕ್ಯಾನಿಕ್ ಖಮರುದ್ದೀನ್ ಮಾಡಿ ಮುಗಿಸಿದ್ದಾರೆ. ಅವರು ಪಕ್ಕದಲ್ಲೇ ನಿಂತು ಆಕಳಿಸುತ್ತಾರೆ. ತಾನು ಮಾಡಿದ ಕೆಲಸವನ್ನು ಇನ್ನೊಬ್ಬರು ಮತ್ತೆ ಮಾಡಿದರೆ ಯಾರಿಗಾದರೂ ಮುನಿಸು ಬರಬೇಕು. ನಾಲ್ಕು ವರ್ಷದಲ್ಲಿ ಅವರಿಗೆ ರೂಢಿಯಾಗಿದೆ.

ಸುಮಂಗಲಾ ಇಲ್ಲಿ ಹಾರಾಟ ಕಲಿಸುವ ಶಿಕ್ಷಕಿ. ನಲವತ್ತಮೂರು ವರ್ಷ. ನಂಬಿಕೆ ಎನ್ನುವುದು ಅವರ ಜಾಯಮಾನದಲ್ಲೇ ಇಲ್ಲ. ಭೇಟಿಗೆ ಹೋದ ನನ್ನ ಗುರುತಿನ ಚೀಟಿಯನ್ನು ಎರಡು ಸಲ ತಿರುವಿ ನೋಡಿದರು, ಸಾಲದೆಂದು ಪತ್ರಿಕೆಯ ಕಚೇರಿಗೂ ಫೋನು ಮಾಡಿ ವಿಚಾರಿಸಿದರು. ನನಗೆ ಸಿಟ್ಟು ಬಂದದ್ದು ನಿಜ. ಇಂಥವರ ಜೊತೆ ಮಕ್ಕಳನ್ನು ಧೈರ್ಯವಾಗಿ ಆಕಾಶಕ್ಕೆ ಕಳಿಸಬಹುದು ಅನ್ನಿಸಿದ್ದೂ ನಿಜ.

ಈ ಗುಣ ಬಂದದ್ದು ತಂದೆಯಿಂದ. ಹಣಮಂತರಾಯ ಅವರು ಕಮಲಾಪುರದಲ್ಲಿ ಕರೆಂಟಿನ ಲೈನ್‌ಮನ್ ಆಗಿದ್ದರು. ಕಂಬ ಹತ್ತುವ ಕೆಲಸದಲ್ಲಿ ಮೂವತ್ತೊಂದು ವರ್ಷ ಕಳೆದು, ಹತ್ತೂ ಬೆರಳು ಉಳಿಸಿಕೊಂಡು ನಿವೃತ್ತರಾದರು. “ಲೈನ್ ಬಂದ್ ಮಾಡೇವಿ ಅಂತ ಸ್ವಂತ ತಮ್ಮ ಹೇಳಿದ್ರೂ ಟೆಸ್ಟ್ ಮಾಡ್ಲಾರದ ವಾಯರ್‌ಗ ಕೈ ಹಚ್ಚಬ್ಯಾಡ ಅಂತಿದ್ದ ನಮ್ಮಪ್ಪ. ನಾ ಅದನ್ನ ಹಿಡ್ಕೊಂಡು ಕುಂತೀನಿ,” ಎನ್ನುತ್ತಾರೆ ಮಗಳು. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹೊರಗೆ ಹಾರಾಟ ಕಲಿತು, ಬೇರೆ ಬೇರೆ ಊರುಗಳಲ್ಲಿ ಕಲಿಸಿ, ಇಲ್ಲಿ ಈ ಶಾಲೆ ಶುರುವಾದಾಗ ತಿರುಗಿ ಬಂದರು. ಹುಡುಗಿಯೆಂದು ಕೆಲಸ ಕೊಡದವರು, ಜಾತಿ ಕೇಳಿ ಬಾಡಿಗೆ ಮನೆ ಕೊಡದವರು ದಾರಿಯುದ್ದಕ್ಕೂ ಸಿಕ್ಕಿದ್ದಾರೆ. ಆ ಮಾತು ಎತ್ತಿದರೆ ಕೈ ಬೀಸಿ ಬೇರೆ ಸುದ್ದಿ ತೆಗೆಯುತ್ತಾರೆ.

ಕೋಟನೂರಿನ ಮನೆಯಿಂದ ನಾಲ್ಕೂವರೆಗೆ ಸ್ಕೂಟರ್ ಹೊರಡುತ್ತದೆ. ದಿನಕ್ಕೆ ನಾಲ್ಕು ಹಾರಾಟ, ನೆಲ ಮುಟ್ಟಿ ತಕ್ಷಣ ಮತ್ತೆ ಏರುವುದೂ ಸೇರಿ ಮೂವತ್ತರ ಆಸುಪಾಸು ಇಳಿಯುವಿಕೆ. ಹನ್ನೊಂದರ ನಂತರ ಬಿಸಿಲಿಗೆ ಗಾಳಿ ಕುದಿಯುತ್ತದೆ, ವಿಮಾನ ಕುಲುಕುತ್ತದೆ, ಪಾಠ ನಿಲ್ಲುತ್ತದೆ. ಇದುವರೆಗೆ ಗಾಳಿಯಲ್ಲಿ ಕಳೆದದ್ದು ಆರು ಸಾವಿರದ ಇನ್ನೂರು ಗಂಟೆ. ಕೈಯಲ್ಲಿ ಕಲಿತವರು ನೂರ ಮೂವತ್ತೇಳು ಮಂದಿ. ಅವರಲ್ಲಿ ಅನೇಕರು ದೊಡ್ಡ ವಿಮಾನ ನಡೆಸುತ್ತಿದ್ದಾರೆ, ಅವರ ಫೋಟೊ ಪೇಪರಿನಲ್ಲಿ ಬರುತ್ತದೆ. ಇವರ ಫೋಟೊ ಬರುತ್ತಿರುವುದು ಇದೇ ಮೊದಲು.

ಇಂಥ ಶಿಕ್ಷಕಿಯ ವಿಮಾನಕ್ಕೆ ಈ ವರ್ಷ ಆಟೊಪೈಲಟ್ ಬಂತು. ಅಂಗೈ ಅಗಲದ ಪೆಟ್ಟಿಗೆ. ಗುಂಡಿ ಒತ್ತಿದರೆ ಹೇಳಿದ ಎತ್ತರದಲ್ಲಿ, ಹೇಳಿದ ದಿಕ್ಕಿಗೆ ವಿಮಾನವನ್ನು ತಾನೇ ಒಯ್ಯುತ್ತದೆ. ಮಾರಿದವರ ಕಡೆಯಿಂದ ಬಂದವನು ಒಂದು ಮಧ್ಯಾಹ್ನ ಪಾಠ ಹೇಳಿ, ಚಹಾ ಕುಡಿದು ಹೋದ. ಸುಮಂಗಲಾ ಅದನ್ನು ಮನೆಗೆ ಬಂದ ಹೊಸ ಬಾಡಿಗೆದಾರನನ್ನು ನೋಡುವಂತೆ ನೋಡಿದರು. “ಭಾಳ ಸಭ್ಯಸ್ತನಂಗ ಕಾಣತಿತ್ರಿ. ಅದಕ್ಕ ನಂಗ ಜಾಸ್ತಿ ಶಕ್ ಬಂತು,” ಎನ್ನುತ್ತಾರೆ.

ಈಗ ಅವರ ಒಂದು ಗುಟ್ಟು ಹೇಳಬೇಕು. ಈ ವಿಮಾನದಲ್ಲಿ ಶಿಷ್ಯರಿಗೊಂದು, ಗುರುವಿಗೊಂದು ಸ್ಟೀರಿಂಗ್. ಒಂದು ಅಲುಗಿದರೆ ಇನ್ನೊಂದೂ ಅಲುಗುತ್ತದೆ. ಶಿಷ್ಯರು ಹಾರಿಸುವಾಗ ಸುಮಂಗಲಾ ತೊಡೆಯ ಮೇಲೆ ನಕ್ಷೆಯ ಹಲಗೆ ಇಟ್ಟುಕೊಂಡು, ಅದರ ಮರೆಯಲ್ಲಿ ತಮ್ಮ ಸ್ಟೀರಿಂಗ್‌ಗೆ ಎರಡು ಬೆರಳು ತಾಗಿಸಿ ಕೂರುತ್ತಾರೆ. ತಾವೇ ಹಾರಿಸುತ್ತಿದ್ದೇವೆ ಎಂದು ಶಿಷ್ಯರು ಹಿಗ್ಗಲಿ, ತಪ್ಪಿದರೆ ಹಿಡಿಯಲು ಬೆರಳು ಇರಲಿ, ಇಷ್ಟೇ ಲೆಕ್ಕ. ಇಪ್ಪತ್ತು ವರ್ಷದಿಂದ ಆ ಬೆರಳು ಎಷ್ಟೋ ಜನರನ್ನು ಕಾಪಾಡಿದೆ.

ಹೊಸ ಯಂತ್ರದ ಮೊದಲ ಪಾಠಕ್ಕೆ ಅವರ ಜೊತೆ ಹೋದವಳು ಆಸ್ಫಿಯಾ. ಮೋಮಿನಪುರದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವರ ಮಗಳು, ಇಪ್ಪತ್ತು ವರ್ಷ, ಮಾತು ಕಡಿಮೆ. ಕಮಲಾಪುರದ ಕಡೆ ಮೂರು ಸಾವಿರ ಅಡಿಯಲ್ಲಿ ಆಸ್ಫಿಯಾ ಗುಂಡಿ ಒತ್ತಿ ಕೈ ಬಿಟ್ಟಳು. ಸುಮಂಗಲಾ ಬಿಡಲಿಲ್ಲ. ಅಂದು ಎರಡು ಬೆರಳು ಸಾಲದೆ ಇಡೀ ಅಂಗೈ ಹಿಡಿದಿತ್ತು. ಹದಿನೈದು ನಿಮಿಷದ ಮೇಲೆ ಯಂತ್ರ ಬಿಡಿಸು ಎಂದರು, ತಮ್ಮ ಕೈಯನ್ನೂ ಸಡಿಲಿಸಿದರು. ಆಸ್ಫಿಯಾ ಗುಂಡಿ ಒತ್ತಿದ್ದೇ ತಡ, ವಿಮಾನದ ಮೂಗು ಗಪ್ಪನೆ ಕೆಳಗೆ ಬಗ್ಗಿತು. ಸುಮಂಗಲಾ ಎಳೆದು ನಿಲ್ಲಿಸುವಷ್ಟರಲ್ಲಿ ಇನ್ನೂರೈವತ್ತು ಅಡಿ ಇಳಿದಿದ್ದರು.

ಗುಮಾನಿ ಮೊದಲು ಹೋದದ್ದು ಹುಡುಗಿಯ ಮೇಲೆ. ಗಾಬರಿಯಲ್ಲಿ ಸ್ಟೀರಿಂಗ್ ತಳ್ಳಿದ್ದಾಳೆ, ಒಂಟಿ ಹಾರಾಟಕ್ಕೆ ಇನ್ನೂ ಸಿದ್ಧಳಾಗಿಲ್ಲ ಎಂದು ಆಸ್ಫಿಯಾಳ ತರಬೇತಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು. ಮುಂದಿನ ವಾರವೇ ನಡೆಯಬೇಕಿದ್ದ ಆಕೆಯ ಒಂಟಿ ಹಾರಾಟ ನಿಂತುಹೋಯಿತು. ಆ ಪುಸ್ತಕ ಪೈಲಟ್ ಆಗಬೇಕಾದವಳ ಜೊತೆ ಜೀವನವಿಡೀ ಬರುತ್ತದೆ. ಅದರಲ್ಲೊಂದು ಸಾಲು ಬಿದ್ದರೆ ಮುಂದೆ ಓದುವವರೆಲ್ಲ ಅಲ್ಲಿಗೆ ಬೆರಳಿಡುತ್ತಾರೆ. ಎರಡನೆಯ ಗುಮಾನಿ ಯಂತ್ರದ ಮೇಲೆ. ಖಮರುದ್ದೀನ್ ಎರಡು ಸಲ ಬಿಚ್ಚಿ ಜೋಡಿಸಿದರು. ಯಂತ್ರದಲ್ಲಿ ದೋಷವಿರಲಿಲ್ಲ.

ಮೂರನೆಯ ಸಲ ಬಿಚ್ಚುವ ಬದಲು, ಸುಮಂಗಲಾ ಯಂತ್ರ ಹಾಕಿ ಹಾರುವಾಗ ಖಮರುದ್ದೀನ್ ತಾವೇ ಹಿಂದಿನ ಸೀಟಿನಲ್ಲಿ ಹತ್ತಿ ಕೂತರು. ಮುಂದಿನ ಎರಡು ಸೀಟುಗಳ ನಡುವೆ, ಕೆಳಗೆ, ಒಂದು ಚಕ್ರವಿದೆ. ಮೂಗು ಮೇಲೆ ಕೆಳಗೆ ವಾಲದಂತೆ ಭಾರ ಸರಿದೂಗಿಸುವುದು ಅದರ ಕೆಲಸ. ವಿಮಾನ ನೆಟ್ಟಗೆ ಹೋಗುತ್ತಿದೆ, ಚಕ್ರ ಮಾತ್ರ ಸಣ್ಣಗೆ ತಿರುಗುತ್ತಲೇ ಇದೆ. “ಮೇಡಂ, ಇದು ಯಾರ ಜೋಡಿ ಕುಸ್ತಿ ಹಿಡದದ? ಜರಾ ನಿಮ್ಮ ಕೈ ತೋರಸ್ರಿ,” ಎಂದರು.

ಸುಮಂಗಲಾ ತಮಗೆ ಗೊತ್ತಿಲ್ಲದೆ, ಮೂಗು ಮೇಲೇಳುವಂತೆ, ಸ್ಟೀರಿಂಗನ್ನು ಸ್ವಲ್ಪ ತಮ್ಮ ಕಡೆಗೆ ಎಳೆದು ಹಿಡಿದಿದ್ದರು. ಅವರು ಎಳೆದಷ್ಟೂ ಯಂತ್ರ ಆ ಚಕ್ರ ತಿರುಗಿಸಿ ಮೂಗನ್ನು ಕೆಳಗೆ ಒತ್ತುತ್ತಿತ್ತು. ಆಸ್ಫಿಯಾ ಜೊತೆ ಹಾರಿದ ದಿನ ಅವರ ಕೈಯೂ ಯಂತ್ರವೂ ಒಟ್ಟಿಗೆ ಬಿಟ್ಟಾಗ, ಒತ್ತಿದ್ದ ಮೂಗು ಕೆಳಗೆ ಹೋಯಿತು. ಶಿಷ್ಯರು ಗುರುವಿನ ಬೆರಳನ್ನು ಸಹಿಸುತ್ತಾರೆ. ಆ ಪೆಟ್ಟಿಗೆಗೆ ಗುರು ಯಾರೆಂದು ತಿಳಿಯದು.

ಗೊತ್ತಾಗಿದ್ದು ಅವರಿಬ್ಬರಿಗೆ, ಶಾಲೆಯ ವ್ಯವಸ್ಥಾಪಕರಿಗೆ ಮಾತ್ರ. ಇದನ್ನು ಪುಸ್ತಕದಲ್ಲಿ ಬರೆಯುವುದು ಬೇಡ, ಬರೆದರೆ ವಿಚಾರಣೆ ಆಗುತ್ತದೆ, ನಿಮ್ಮ ಕಲಿಸುವ ಅನುಮತಿಗೇ ಕುತ್ತು ಬರಬಹುದು ಎಂದು ವ್ಯವಸ್ಥಾಪಕರು ಬುದ್ಧಿ ಹೇಳಿದರು. ಹುಡುಗಿಗೆ ಇನ್ನೊಂದು ಅವಕಾಶ ಕೊಟ್ಟರಾಯಿತು ಎಂದರು. ಸುಮಂಗಲಾ ಬರೆದರು. ಇಂಥ ಕತೆಗಳನ್ನು ಸುಲಭಕ್ಕೆ ನಂಬುವವನು ನಾನಲ್ಲ. ಪುಸ್ತಕ ತೋರಿಸಿ ಎಂದು ಹಟ ಹಿಡಿದೆ. ಆಸ್ಫಿಯಾ ತಂದು ತೋರಿಸಿದಳು. ಹಳೆಯ ಸಾಲಿಗೆ ಅಡ್ಡಗೆರೆ, ಕೆಳಗೆ ಸ್ಪಷ್ಟ ಅಕ್ಷರ: ತಪ್ಪು ಶಿಕ್ಷಕಿಯದು, ವಿದ್ಯಾರ್ಥಿನಿಯದಲ್ಲ. ತಾರೀಖು, ಸಹಿ. ಓದಿ ನಾನು ನಾಚಿದೆ.

ವಿಚಾರಣೆ ನಡೆದೇ ನಡೆಯಿತು. ಹತ್ತೊಂಬತ್ತು ದಿನ ಸುಮಂಗಲಾ ಯಾರಿಗೂ ಕಲಿಸುವಂತಿರಲಿಲ್ಲ. ತಮಗಿಂತ ಹನ್ನೆರಡು ವರ್ಷ ಚಿಕ್ಕ ಪರೀಕ್ಷಕನ ಪಕ್ಕ ಶಿಷ್ಯೆಯಂತೆ ಕೂತು ಆಟೊಪೈಲಟ್ ಕಲಿತರು. ಕೈ ಬಿಡುವುದೇ ದೊಡ್ಡ ಪಾಠವಾಯಿತಂತೆ, ಬೆರಳು ತುರಿಸುತ್ತಿದ್ದವಂತೆ. ಪಾಸಾಗಿ ಬಂದ ಮೇಲೆ ಅವರು ಮೊದಲು ಸಹಿ ಹಾಕಿದ್ದು ಆಸ್ಫಿಯಾಳ ಒಂಟಿ ಹಾರಾಟಕ್ಕೆ. ಆಕೆ ಹೋಗಿ, ಹಾರಿ, ಕ್ಷೇಮವಾಗಿ ಬಂದಳು.

ಈಗ ಯಂತ್ರವನ್ನು ನಂಬುತ್ತೀರಾ ಎಂದು ಕೇಳಿದೆ. ಇಲ್ಲ ಎಂದರು. ಹಾರುವ ಮುನ್ನ ನೆಲದ ಮೇಲೇ ಪ್ರತಿ ಶಿಷ್ಯನ ಕೈಯಲ್ಲೂ ಯಂತ್ರದ ವಿರುದ್ಧ ಸ್ಟೀರಿಂಗ್ ಹಿಡಿಸಿ, ಆ ಚಕ್ರ ತಿರುಗುವುದನ್ನು ತೋರಿಸುತ್ತಾರೆ. ಇದು ಅವರೇ ಹಾಕಿಕೊಂಡ ಕ್ರಮ.

ಆದರೆ ಅವರನ್ನು ಈಗಲೂ ಕಾಡುವುದು ಬೇರೆ ಸಂಗತಿ. ಅಂದು ಹಲಗೆಯ ಮರೆಯಲ್ಲಿ ಮೇಡಂ ಕೈ ಬಿಗಿಯಾಗಿದ್ದದ್ದು ಆಸ್ಫಿಯಾಗೆ ಕಂಡಿತ್ತು. ಬೈಸಿಕೊಂಡಳು, ಹಾರಾಟ ಕಳೆದುಕೊಂಡಳು, ಬಾಯಿ ಬಿಡಲಿಲ್ಲ. ಯಾಕೆ ಎಂದರೆ, “ಮೇಡಂಗ ಹ್ಯಾಂಗ ಹೇಳ್ಲಿ ಸರ್?” ಎಂದು ನೆಲ ನೋಡುತ್ತಾಳೆ.

“ಎಲ್ಲಾದ್ರ ಮ್ಯಾಲೂ ಶಕ್ ಮಾಡು ಅಂತ ಕಲಿಸಿದೆ, ನನ್ನ ಮ್ಯಾಲ ಮಾಡು ಅಂತ ಕಲಿಸ್ಲಿಲ್ಲ. ಇದು ಆವತ್ತ ಇನ್ನೂರೈವತ್ತು ಅಡಿ ಬಿದ್ದದ್ದಕ್ಕಿಂತ ದೊಡ್ಡ ಗಲ್ತಿ,” ಎನ್ನುತ್ತಾರೆ ಸುಮಂಗಲಾ. ಮುಂದೇನು ಆಸೆ ಎಂದು ಕೇಳಿದೆ.

“ಭಾಳ ಏನಿಲ್ರಿ. ಹುಡುಗ್ರು ನಂಗೂ ಪ್ರಶ್ನೆ ಕೇಳೋದು ಕಲೀಲಿ. ಆಸ್ಫಿಯಾ ನಿನ್ನೆ ಕಲ್ತಳ ನೋಡ್ರಿ. ಮೂರ್ ಸಾವಿರ ಅಡಿ ಮ್ಯಾಲ, ಹಿಂದ ಕುಂತವರೂ ಕೇಳಂಗ, ‘ಮೇಡಂ, ಕೈ ತಗೀರಿ’ ಅಂದ್ಲು. ತಗದೆ.”