ಹರಿಯುವ ನೀರು ಬೇಡಿದವಳು

ನಮ್ಮ ಬಚ್ಚಲಿನ ಹೊಸ್ತಿಲಿಗೆ ಅಮ್ಮ ಹಾಸುತ್ತಿದ್ದುದು ಅಕ್ಕಿಮೂಟೆಯ ಹಳೆಯ ಗೋಣಿತಾಟು. ಜೀವನ್ ಬಿಮಾ ನಗರದ ನಮ್ಮ ಪುಟ್ಟ ಮನೆಗೆ ಬಣ್ಣಬಣ್ಣದ ಮ್ಯಾಟುಗಳು ಎಷ್ಟು ಬಂದರೂ ಅವಳ ಕೈಯಲ್ಲಿ ಮೂಲೆ ಸೇರಿದವು. ಮನೆಮಂದಿಯೆಲ್ಲ ಸ್ನಾನ ಮುಗಿಸಿ ಕಾಲೊರೆಸಿದ ನೀರನ್ನು ಕುಡಿದು ಆ ಗೋಣಿ ಸಂಜೆಯವರೆಗೂ ತಂಪಾಗಿರುತ್ತಿತ್ತು. ಒಗೆಯಲೆಂದು ಅದನ್ನೆತ್ತಿದ ದಿನ ಅಷ್ಟೇ ನೀರು ಸಿಮೆಂಟು ನೆಲದ ಮೇಲೆ ಸರ್ರನೆ ಜಾರಿ ನಡುಮನೆಗೆ ನುಗ್ಗಿ, ಗಳಿಗೆಯಲ್ಲಿ ಒಣಗಿಹೋಗುತ್ತಿತ್ತು. ಕಾಡೆಂದರೆ ಬೆಟ್ಟ ಹಾಸಿಕೊಂಡ ಗೋಣಿತಾಟು ಎಂದು ನನಗೆ ಅರ್ಥವಾಗಲು, ನೋಡಿ, ಅಮ್ಮ ಸಾಯಬೇಕಾಯಿತು.

ನಮ್ಮ ಕಡೆ ಕಾವೇರಿ ಎಂದರೆ ನಲ್ಲಿಯಲ್ಲಿ ಬರುವ ನೀರು. "ಕಾವೇರಿ ಬಂತೇನ್ರೀ?" ಎಂದು ಕಾಂಪೌಂಡಿನಾಚೆಯಿಂದ ವಿಚಾರಿಸಿಕೊಳ್ಳುವ ನಮಗೆ ಆ ಹೊಳೆಯ ತವರಿನ ಬೆಟ್ಟವಾಗಲಿ, ಅಲ್ಲಿಯ ಸೋನೆಯಾಗಲಿ ನೆನಪಿಗೆ ಬರುವುದಿಲ್ಲ. ಅಮ್ಮ ಮಾತ್ರ ನೀರಿನ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹಲಸೂರು ಕೆರೆಯ ಪಕ್ಕದ ಓಣಿಯಲ್ಲಿ ಹುಟ್ಟಿ ಬೆಳೆದವಳು. "ನಿಂತ ನೀರಿನ ವಾಸನೆ ಕುಡ್ಕೊಂಡೇ ಬೆಳ್ದಿದೀನಿ ಕಣೋ. ಸತ್ಮೇಲೆ ನನ್ನನ್ನ ಹರಿಯೋ ನೀರಲ್ಲಿ ಬಿಟ್ಬಿಡು, ಇನ್ನೇನೂ ಕೇಳಲ್ಲ" ಎಂದಿದ್ದಳು. ನಿಜಕ್ಕೂ ಅವಳು ನನ್ನನ್ನು ಬೇರೇನೂ ಕೇಳಿದವಳಲ್ಲ.

ಅವಳು ಹೋದದ್ದು ಸುಡುಬೇಸಿಗೆಯಲ್ಲಿ. ಅಸ್ಥಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ಯುವುದು ನಮ್ಮ ಮನೆತನದ ಪದ್ಧತಿ. ತಿಥಿ ನೋಡಿದೆವು, ರಾಹುಕಾಲ ನೋಡಿದೆವು, ಎಳ್ಳು ದರ್ಭೆಗಳನ್ನು ಮರೆಯದೆ ಕಟ್ಟಿಕೊಂಡೆವು. ಹೊಳೆಯಲ್ಲಿ ನೀರಿದೆಯೇ ಎಂದು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊರಡುವ ಬೆಳಿಗ್ಗೆ ನಲ್ಲಿಯಲ್ಲಿ ಕಾವೇರಿ ಬಂದಿತ್ತಲ್ಲ, ಇನ್ನು ಅನುಮಾನವೆಲ್ಲಿಯದು?

ಅಲ್ಲಿದ್ದುದು ಬರಿಯ ಬಂಡೆಗಳು, ಅವುಗಳ ನಡುವೆ ಮೊಣಕಾಲುದ್ದದ, ಪಾಚಿಗಟ್ಟಿದ ನೀರು. ನಾನು ಇಳಿದು ಕುಡಿಕೆಯನ್ನು ಬಗ್ಗಿಸಿದೆ. ಬೂದಿ ಸ್ವಲ್ಪ ಹೊತ್ತು ತೇಲಾಡಿ, ಮೆಲ್ಲಗೆ ತಿರುಗಿ ನನ್ನ ಕಾಲಿಗೇ ಬಂದು ಹತ್ತಿಕೊಂಡಿತು.

ಮೆಟ್ಟಿಲ ಮೇಲಿದ್ದ ತಂಗಿ ಸುಮತಿ, "ಅಣ್ಣಾ, ಹೋಗ್ತಾನೇ ಇಲ್ವಲ್ಲೋ!" ಎಂದಳು.

"ಕೈಯಲ್ಲಿ ತಳ್ಳಿ ಸಾರ್" ಎಂದರು ಪುರೋಹಿತರು, ತಗ್ಗಿದ ದನಿಯಲ್ಲಿ. "ಈಗ ಎಲ್ರೂ ಹಂಗೇ ಮಾಡೋದು. ಮಳೆಗಾಲದಲ್ಲಿ ಬಂದಿದ್ರೆ ಇಲ್ಲಿ ಕಾಲಿಡೋಕೂ ಹೊಳೆ ಬಿಡ್ತಿರ್ಲಿಲ್ಲ."

ತಳ್ಳಿದೆ. ಹೆತ್ತ ತಾಯಿಯನ್ನು ಎರಡೂ ಅಂಗೈಯಿಂದ ದೂರ ತಳ್ಳಿದೆ. ಅವಳು ಮತ್ತೆ ಮತ್ತೆ ಬಂದಳು. ಸಂಕಟವಾಯಿತು, ಸಿಟ್ಟೂ ಬಂತು, ಆದರೆ ಯಾರ ಮೇಲೆಂದು ತಿಳಿಯಲಿಲ್ಲ.

ಆ ಸಿಟ್ಟಿಗೆ ವಿಳಾಸ ಹುಡುಕುತ್ತಲೇ ನಾನು ಹೊಳೆ ಹುಟ್ಟುವ ಬೆಟ್ಟಗಳವರೆಗೆ ಹೋದದ್ದು. ವಾರಗಟ್ಟಲೆ ಜಿನುಗುತ್ತಿದ್ದ ಸೋನೆಯನ್ನು ತರಗೆಲೆಗಳ ಅಡಿಯ ಮಣ್ಣು ಹೀರಿಟ್ಟುಕೊಂಡು, ಒರತೆಯೊರತೆಯಾಗಿ ಬೇಸಿಗೆಯುದ್ದಕ್ಕೂ ಹೊಳೆಗೆ ಬಡಿಸುತ್ತಿದ್ದ ಕಾಲವೊಂದಿತ್ತು. ಈಗ ಮಳೆಯೇ ಹದ ತಪ್ಪಿದೆ. ಎರಡು ದಿನ ಬಡಿದಪ್ಪಳಿಸಿ ಹೋದದ್ದು ಮತ್ತೆ ಎಷ್ಟೋ ದಿನ ಮುಖ ತೋರಿಸುವುದಿಲ್ಲ. ಹಿಡಿದಿಡಬೇಕಾದ ಮರಗಳಿಲ್ಲದ ಇಳಿಜಾರಿನಲ್ಲಿ ಬಂದ ನೀರೆಲ್ಲ ಒಮ್ಮೆಗೇ ಉರುಳಿ, ಹೊಳೆ ಮಳೆಗಾಲದಲ್ಲಿ ಊರು ಮುಳುಗಿಸಿ ಬೇಸಿಗೆಯಲ್ಲಿ ಬಂಡೆ ತೋರಿಸುತ್ತದೆ. ಉಳಿದ ಚೂರುಪಾರನ್ನು ಅಣೆಕಟ್ಟಿನಲ್ಲಿ ಕಟ್ಟಿಟ್ಟು ನಮ್ಮಂಥವರ ನಲ್ಲಿಗಳಿಗೆ ಹಂಚುತ್ತಾರೆ. ಮರ ಕಡಿದವರನ್ನು ಬೈಯೋಣವೆಂದರೆ, ನೀವೂ ನಾನೂ ರಜೆಯಲ್ಲಿ ಹೋಗಿ, ಕಿಟಕಿ ತೆರೆದು, "ಆಹಾ, ಎಂಥ ನೋಟ!" ಎಂದು ಉದ್ಗರಿಸಿದ ರೆಸಾರ್ಟಿನ ಕೋಣೆಗಳು ಎದ್ದಿರುವುದು ಆ ಮರಗಳ ಜಾಗದಲ್ಲೇ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಕಲ್ಯಾಣ ನಗರದಿಂದ ಸುಮತಿ ಫೋನು ಮಾಡಿದಳು. "ಅಣ್ಣಾ, ಟಿವಿ ಹಾಕು, ಬೇಗ!" ಹಾಕಿದೆ. ಅಣೆಕಟ್ಟಿನ ಬಾಗಿಲುಗಳನ್ನು ತೆರೆದಿದ್ದರು. ನಾವು ಇಳಿದಿದ್ದ ಮೆಟ್ಟಿಲು, ಬಂಡೆ, ಒಂದೂ ಕಾಣುತ್ತಿರಲಿಲ್ಲ. ಹೊಳೆ ಸೇತುವೆಯ ಮೈಗೆ ತಾಗಿ ಭೋರ್ಗರೆಯುತ್ತಿತ್ತು.

"ಅಮ್ಮ ಹೊರಟಿರ್ತಾಳೆ ಅಲ್ವೇನೋ ಈಗ?" ಎಂದಳು. ಆ ಬೇಸಿಗೆಯಿಂದೀಚೆಗೆ ಮೊದಲ ಸಲ ಅವಳ ದನಿ ಹಗುರಾಗಿತ್ತು.

ನಾನು ಹೂಂ ಎಂದೆ. ನೀರು ಕೆಂಪಗಿತ್ತು, ಚಹದಷ್ಟು ಕೆಂಪು. ಅದು ಬೆಟ್ಟದ ಮಣ್ಣೆಂದು ಅವಳಿಗೆ ಹೇಳಲಿಲ್ಲ. ಅಮ್ಮನ ಜೊತೆ ಬೆಟ್ಟವೂ ಹೊರಟಿತ್ತು.