ಇಪ್ಪತ್ತೊಂದನೆಯ ಅಕ್ಷರ

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಂಶಿಯ ಶಾಲೆಯಲ್ಲಿ ಕಣ್ಣಿನ ಪೊರೆ ತೆಗೆಯುವ ಶಿಬಿರ. ಹೆಸರು ಬರೆಸಿದವರ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆಂದು ಮುಂದೆ ಬಂದವನು ನಾನೇ. ಹುಬ್ಬಳ್ಳಿಯಲ್ಲಿ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿತು ಆರು ತಿಂಗಳಾಗಿತ್ತು, ಕೈ ಸುಮ್ಮನಿರಬೇಕಲ್ಲ!

ಪ್ರತಿ ಸಾಲಿನಲ್ಲಿ ಹೆಸರು, ಅದರ ಪಕ್ಕದಲ್ಲೇ ಯಾವ ಕಣ್ಣೆಂದು ಒಂದು ಇಂಗ್ಲಿಷ್ ಅಕ್ಷರ: ಬಲಕ್ಕೆ ಆರ್, ಎಡಕ್ಕೆ ಎಲ್. ಹೆಸರೂ ಇಂಗ್ಲಿಷಿನಲ್ಲೇ, ಅದಕ್ಕೆ ಇಪ್ಪತ್ತು ಅಕ್ಷರದ ಜಾಗ ಬಿಟ್ಟಿದ್ದೆ. ನಮ್ಮ ಕಡೆ ಹೆಸರೆಂದರೆ ತನ್ನದು, ಗಂಡನದೋ ಅಪ್ಪನದೋ, ಮೇಲೆ ಮನೆತನದ್ದು. ಇಲ್ಲೇ ಹುಟ್ಟಿದ ನನಗೇ ಅದು ನೆನಪಾಗಲಿಲ್ಲ. ಅಚ್ಚಾದ ಪಟ್ಟಿಯಲ್ಲಿ ಕೆಲವರ ಕಣ್ಣಿನ ಜಾಗದಲ್ಲಿ ಎನ್, ಐ ಎಂದೆಲ್ಲ ಬಂದಿತ್ತು. ಟೈಪಿಂಗ್ ತಪ್ಪೆಂದು, ಕೈಬರಹದ ಪಟ್ಟಿ ನೋಡಿ ಅವನ್ನಷ್ಟೇ ಪೆನ್ನಿನಿಂದ ತಿದ್ದಿ ಕೊಟ್ಟುಬಿಟ್ಟೆ.

ಶಿಬಿರದ ಮುಂಜಾನೆ ನರ್ಸ್ ಆ ಪಟ್ಟಿ ನೋಡಿಕೊಂಡು, ಯರಗುಪ್ಪಿಯಿಂದ ಬಂದ ಅಜ್ಜಿಯೊಬ್ಬಳ ಎಡಹುಬ್ಬಿನ ಮೇಲೆ ಗುರುತಿನ ಪ್ಲಾಸ್ಟರ್ ಅಂಟಿಸಲು ಹೋದಳು.

“ತಡಿ ಬೇ! ಮಸುಕಾಗಿದ್ದು ಬಲಗಣ್ಣ. ಎಡಗಣ್ಣಾಗ ನಿನ್ನ ಮೂಗುಬಟ್ಟಿನ ಹರಳ ಎಣಿಸಿ ಹೇಳ್ಲ್ಯಾ?”

“ಕಂಪ್ಯೂಟರ್ ಎಡ ಅಂತ ಬರದೇತ್ರಿ, ಅಜ್ಜಿ.”

“ಹಂಗಾರ ಅದಕ್ಕ ಪೊರಿ ಬಂದಿರಬೇಕು. ಮೊದ್ಲ ಅದನ್ನ ಮಲಗಸ್ರಿ!”

ಎಲ್ಲರೂ ನಕ್ಕರು. ನಾನು ಡಾಕ್ಟರ ಬಳಿಗೆ ಓಡಿದೆ. ಡಾಕ್ಟರು ಕೆಲಸ ನಿಲ್ಲಿಸಿ, ಒಬ್ಬೊಬ್ಬರ ಕಣ್ಣಿಗೂ ಬ್ಯಾಟರಿ ಹಿಡಿದು ಮತ್ತೆ ನೋಡಿದರು. ಪುಣ್ಯಕ್ಕೆ ಇನ್ನೂ ಯಾರ ಆಪರೇಷನ್ನೂ ಶುರುವಾಗಿರಲಿಲ್ಲ, ತಪ್ಪಿದ್ದೂ ಅಜ್ಜಿಯದೊಂದೇ.

ಆಕೆಯ ಹೆಸರಿಗೆ ಇಪ್ಪತ್ತೊಂದು ಅಕ್ಷರ. ಮನೆತನದ ಹೆಸರಿನ ತುದಿಯ ಎಲ್, ಜಾಗ ಸಾಲದೆ ಪಕ್ಕಕ್ಕೆ ನುಗ್ಗಿ, ಅಲ್ಲಿದ್ದ ಆರ್ ಅನ್ನು ಅಳಿಸಿ ಕೂತಿತ್ತು. ಉಳಿದವು ತಪ್ಪೆಂದು ಎದ್ದು ಕಂಡಿದ್ದವು, ಇದು ಮಾತ್ರ ಸರಿಯಾದಂತೆಯೇ ಇತ್ತು. ಜಾಗ ಮೀರಿ ಬರೆದರೆ ಸಿ ಭಾಷೆ ತಡೆಯುವುದೂ ಇಲ್ಲ, ಎಚ್ಚರಿಸುವುದೂ ಇಲ್ಲ.

ಮಧ್ಯಾಹ್ನ ಶಾಲೆಯ ಕಟ್ಟೆಯ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಮೊದಲು ಉದ್ದ ಅಳೆ, ಆಮೇಲೆ ನಕಲು ಮಾಡು. ಹೆಸರು ಮುಗಿಯಿತೆಂದು ತೋರಿಸುವ ಸೊನ್ನೆಗೆ ಒಂದು ಜಾಗ ಹೆಚ್ಚಿಗೆ ಇಡು. ಜಾಗ ಸಾಲದಿದ್ದರೆ ನಿಂತು ಹೇಳು, ಸುಮ್ಮನೆ ಕತ್ತರಿಸಬೇಡ. ಈ ಊರುಗಳಲ್ಲಿ ಹೆಸರಿನ ತುದಿ ಕತ್ತರಿಸಿದರೆ ಅರ್ಧ ಓಣಿಗೆ ಒಂದೇ ಹೆಸರಾಗಿಬಿಡುತ್ತದೆ.

ಅಷ್ಟರಲ್ಲಿ ಅಜ್ಜಿ ಹೊರಗೆ ಬಂದಳು. ಬಟ್ಟೆ ಕಟ್ಟಿದ್ದು ಬಲಗಣ್ಣಿಗೆ. ಎಡಗಣ್ಣಿನಿಂದ ನನ್ನನ್ನೇ ದಿಟ್ಟಿಸಿ, “ಯಾಕಪಾ, ಮಾರಿ ಬಾಡೇತಿ? ಉಂಡಿಲ್ಲೇನು?” ಎಂದಳು.

ಹೊಟ್ಟೆ ಹಸಿದದ್ದು ಆಗ ಗೊತ್ತಾಯಿತು. ಎದ್ದು, ಎರಡು ರೊಟ್ಟಿ ಹೆಚ್ಚೇ ಉಂಡೆ.