ಗುಮಾಸ್ತರ ದನಿಯಲ್ಲಿ ಒಂದು ಫೋನು

"ತಮ್ಮಾ, ಇದ ದನಿಯಾಗ ನನ್ನ ಮಗಳಿಗೊಂದು ಫೋನ್ ಮಾಡ್ತಿಯೇನು?"

ಕಮರಿಪೇಟೆಯ ಕಾಕಾ ಒಬ್ಬರು ಹೀಗೆ ಕೇಳಿದಾಗ, ಧಾರವಾಡದ ಕಾಲೇಜೊಂದರಲ್ಲಿ ಎರಡು ವರ್ಷದ ಅನ್ವಯಿಕ ವಿಜ್ಞಾನ ಸ್ನಾತಕೋತ್ತರ ಪದವಿಗೆ ಫೀ ಕಟ್ಟುವ ಸಾಲಿನಲ್ಲಿದ್ದೆ. ಕೌಂಟರಿನ ಗುಮಾಸ್ತರ ಮೂಗಿನ ದನಿ ತೆಗೆದು ಎಲ್ಲರನ್ನೂ ನಗಿಸುತ್ತಿದ್ದೆ. ನನ್ನ ಸ್ವಂತ ದನಿ ಒಡೆದ ಪೀಪಿಯಂಥದ್ದು, ಹಾಗಾಗಿ ನಾನು ಬದುಕುವುದೇ ಪರರ ದನಿಯಲ್ಲಿ.

ಕಾಕಾ ಅದೇ ಪದವಿಗೆ ಸೀಟು ಸಿಕ್ಕಿದ್ದ ಮಗಳ ಫೀಯನ್ನು ಕಂತಿನಲ್ಲಿ ಕಟ್ಟಬಹುದೇ ಎಂದು ಕೇಳಿ, ಆಗುವುದಿಲ್ಲ ಅನ್ನಿಸಿಕೊಂಡು ಬಂದಿದ್ದರು. ಅಂದೇ ಕೊನೆಯ ದಿನ.

"ರೊಕ್ಕ ಹೊಂದಲಿಲ್ಲ ಅಂತ ಆಕಿ ಮುಂದ ಹೆಂಗ ಹೇಳ್ಲಿ? ಸೀಟು ಬ್ಯಾರೆಯವರಿಗೆ ಹೋತು ಅಂತ ಆಫೀಸಿನವರು ಹೇಳಿದಂಗ ನೀನ ಹೇಳಿಬಿಡು."

ಒಲ್ಲೆ ಎನ್ನಬೇಕಿತ್ತು. ಅವರ ಮುಖ ನೋಡಿ ಎನ್ನಲಾಗಲಿಲ್ಲ. ನನ್ನ ಫೋನಿನಿಂದಲೇ ಹಚ್ಚಿ, ಗುಮಾಸ್ತರ ದನಿಯಲ್ಲಿ ಸೀಟು ಹೋಯಿತೆಂದೆ. ಆ ಕಡೆಯಿಂದ ಹುಡುಗಿ ಹೇಳಿದಳು:

"ಆತ್ರಿ ಸರ್. ನಮ್ಮಪ್ಪ ಅಲ್ಲಿಗೆ ಬಂದ್ರ ಇದನ್ನ ಹೇಳಬ್ಯಾಡ್ರಿ. ಫೀಗಂತ ಭಾಳ ಅಡ್ಡಾಡ್ಯಾರ. ನನಗ ಓದೂ ಮನಸ್ಸಿಲ್ಲ ಅಂತ ನಾನ ಹೇಳ್ತೇನಿ."

ಫೋನು ಇಟ್ಟ ಮೇಲೆ ಕಾಕಾ, "ಅತ್ತಳೇನು?" ಎಂದರು. "ಇಲ್ರಿ" ಎಂದೆ. ಉಳಿದದ್ದು ನನ್ನ ಬಾಯಿಂದ ಬರಲಿಲ್ಲ. "ಗಟ್ಟಿ ಅದಾಳ ಬಿಡು" ಎಂದು ಅವರು ಗೇಟಿನ ಕಡೆ ನಡೆದರು.

ಈಗ ಅದೇ ತರಗತಿಯಲ್ಲಿ ಓದುತ್ತಿದ್ದೇನೆ. ನಮ್ಮಲ್ಲಿ ಒಂದು ಸೀಟೂ ಖಾಲಿಯಿಲ್ಲ. ಆಕೆಯ ಸೀಟು ಯಾರಿಗೆ ಸಿಕ್ಕಿತೆಂದು ನಾನಿನ್ನೂ ಯಾರನ್ನೂ ಕೇಳಿಲ್ಲ.